ಯಾವ ಮರದ ಉಕುಲೇಲೆ? ನಾದ, ಕೈಕೆಲಸ ಮತ್ತು ಕಾಡಿನ ಲೆಕ್ಕ

ಉಕುಲೇಲೆ ಕೊಳ್ಳಲು ಹೊರಟವರನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಕೆಡಹುವುದು ಅದರ ಮರ. ಗಾತ್ರ ಅದೇ, ಆಕಾರ ಅದೇ, ನಾಲ್ಕು ತಂತಿಗಳೂ ಅವೇ. ಆದರೆ ಮಹಾಗನಿಯದಕ್ಕೆ ಒಂದು ಬೆಲೆ, ಕೋವಾ ಮರದ್ದಕ್ಕೆ ಅದರ ಹಲವು ಪಟ್ಟು. ಮಾರುವವರು ಒಂದೊಂದು ಮರಕ್ಕೂ ಒಂದೊಂದು ವಿಶೇಷಣ ಅಂಟಿಸುತ್ತಾರೆ: ಇದರ ನಾದ ಬೆಚ್ಚಗೆ, ಅದರದು ಹೊಳಪು, ಮತ್ತೊಂದರದು ಸಿಹಿ. ಈ ಮಾತುಗಳಲ್ಲಿ ಕಿವಿಯ ಅನುಭವ ಎಷ್ಟು, ಮಾರುಕಟ್ಟೆಯ ರೂಢಿ ಎಷ್ಟು? ಮರ ನಿಜಕ್ಕೂ ನಾದವನ್ನು ಬದಲಿಸುತ್ತದೆಯೇ? ಬದಲಿಸುವುದಾದರೆ ವಾದ್ಯದ ಯಾವ ಭಾಗದ ಮರ, ಎಷ್ಟರ ಮಟ್ಟಿಗೆ? ಇತಿಹಾಸ, ಭೌತಶಾಸ್ತ್ರ, ಕಣ್ಣು ಮರೆಸಿ ನಡೆಸಿದ ಪರೀಕ್ಷೆಗಳು, ಕಾಡಿನ ಇಂದಿನ ಸ್ಥಿತಿ – ಇವೆಲ್ಲ ಸೇರಿ ಕೊಡುವ ಉತ್ತರವನ್ನು ಇಲ್ಲಿ ಒಟ್ಟುಗೂಡಿಸಿ ನೋಡೋಣ.

ಹವಾಯಿಗೆ ಬಂದ ಮೂವರು ಬಡಗಿಗಳು

1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರ್ಯಾಗ್’ ಎಂಬ ಹಡಗು ಹೊನೊಲುಲು ಬಂದರನ್ನು ಮುಟ್ಟಿತು. ಅಟ್ಲಾಂಟಿಕ್ ಸಾಗರದಲ್ಲಿರುವ ಪೋರ್ಚುಗೀಸರ ಮಡೈರಾ ದ್ವೀಪದಿಂದ, ಹವಾಯಿಯ ಕಬ್ಬಿನ ತೋಟಗಳಲ್ಲಿ ದುಡಿಯಲು ಹೊರಟ ನಾನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಮನ್ಯುಯೆಲ್ ನುನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರೂ ಅವರ ನಡುವೆ ಇದ್ದರು. ಮಡೈರಾದಲ್ಲಿ ಮಾಷೆಟ್ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವೂ ರಜಾವ್ ಎಂಬ ಐದು ತಂತಿಯ ವಾದ್ಯವೂ ಬಳಕೆಯಲ್ಲಿದ್ದವು. ಈ ಬಡಗಿಗಳು ಹೊನೊಲುಲುವಿನಲ್ಲಿ ಅಂಗಡಿ ತೆರೆದು, ಎರಡರ ಗುಣಗಳನ್ನೂ ಕೂಡಿಸಿ ಕಟ್ಟಿದ ಹೊಸ ವಾದ್ಯವೇ ಉಕುಲೇಲೆ. ಹವಾಯಿಯ ದೊರೆ ಕಲಾಕೌವಾ ಅದನ್ನು ಮೆಚ್ಚಿ ಅರಮನೆಯ ಕೂಟಗಳಿಗೆ ಬರಮಾಡಿಕೊಂಡ ಮೇಲೆ ಅದು ಹವಾಯಿಯದೇ ವಾದ್ಯವಾಯಿತು.

ಅವರ ಕೈಗೆಟುಕುವಲ್ಲಿ ಇದ್ದ ಒಳ್ಳೆಯ ಮರ ಕೋವಾ. ಹವಾಯಿಯವರು ಸಮುದ್ರಕ್ಕಿಳಿಸುವ ದೋಣಿಗಳನ್ನು ಕೊರೆಯುತ್ತಿದ್ದುದು ಅದರಿಂದ, ಹೊನೊಲುಲುವಿನ ಬಡಗಿಗಳು ಪೀಠೋಪಕರಣ ಮಾಡುತ್ತಿದ್ದುದೂ ಅದರಿಂದ. ಹಾಗಾಗಿ ಮೇಲ್ಹಲಗೆ, ಬೆನ್ನು, ಪಕ್ಕ ಎಲ್ಲವೂ ಕೋವಾದ್ದೇ ಆದ ವಾದ್ಯ ರೂಢಿಗೆ ಬಂತು. ಉಕುಲೇಲೆಯ ‘ಅಸಲಿ’ ನಾದ ಎಂದು ಇವತ್ತಿಗೂ ಜನರ ಕಿವಿಯಲ್ಲಿ ಕೂತಿರುವುದು ಈ ಮೊದಲ ಆಯ್ಕೆಯಿಂದ ಹುಟ್ಟಿದ ನಾದ. 1916ರಲ್ಲಿ ಸ್ಯಾಮ್ಯುಯೆಲ್ ಕಮಾಕ ಹೊನೊಲುಲುವಿನಲ್ಲಿ ಶುರುಮಾಡಿದ ಕಾರ್ಖಾನೆಯನ್ನು ಅವರ ವಂಶದವರು ಈಗಲೂ ಕೋವಾ ಮರದಲ್ಲೇ ನಡೆಸುತ್ತಿದ್ದಾರೆ. ಹೆಸರಾಂತ ವಾದಕ ಜೇಕ್ ಶಿಮಾಬುಕುರೊ ನುಡಿಸುವುದು ಕಮಾಕ ಕಟ್ಟಿಕೊಟ್ಟ ವಾದ್ಯವನ್ನೇ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಪನಾಮಾ–ಪೆಸಿಫಿಕ್ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಉಕುಲೇಲೆಯ ಹುಚ್ಚನ್ನು ಅಮೆರಿಕದ ಉದ್ದಗಲಕ್ಕೂ ಹಬ್ಬಿಸಿತು. ಪೆನ್ಸಿಲ್ವೇನಿಯಾದ ಗಿಟಾರ್ ತಯಾರಕ ಮಾರ್ಟಿನ್ ಸಂಸ್ಥೆ ಅದಕ್ಕೂ ಮೊದಲೇ, 1907ರ ಹೊತ್ತಿಗೆ ಕೆಲವು ಉಕುಲೇಲೆ ಮಾಡಿ ನೋಡಿತ್ತು. ಗಿಟಾರಿನ ರೂಢಿಯಂತೆ ಅವಕ್ಕೆ ಸ್ಪ್ರೂಸ್ ಮೇಲ್ಹಲಗೆ, ಒಳಗೆ ದಪ್ಪನೆಯ ಆಸರೆ ಪಟ್ಟಿಗಳು. ಅವು ಜನರಿಗೆ ಹಿಡಿಸಲಿಲ್ಲ. ದಶಕ ಕಳೆಯುವಷ್ಟರಲ್ಲಿ ಅದೇ ಸಂಸ್ಥೆ ತೆಳ್ಳಗೆ ಹೆರೆದ ಮಹಾಗನಿಯಿಂದ, ಹಗುರವಾದ ಪಟ್ಟಿಗಳಿಟ್ಟು ಮತ್ತೆ ಕಟ್ಟಿತು. ಆ ವಾದ್ಯಗಳು ಇಂದಿಗೂ ಹಳೆಯ ಉಕುಲೇಲೆಗಳ ಪೈಕಿ ಅಚ್ಚುಮೆಚ್ಚಿನವು. ಇಲ್ಲಿ ಮರವೂ ಬದಲಾಯಿತು, ಹಲಗೆಯ ದಪ್ಪವೂ ಬದಲಾಯಿತು, ಪಟ್ಟಿಗಳ ಭಾರವೂ ಬದಲಾಯಿತು. ಗೆಲುವಿನ ಪಾಲು ಯಾವುದಕ್ಕೆ ಎಷ್ಟು ಎಂಬ ಚರ್ಚೆಯೇ ಮುಂದಿನ ನೂರು ವರ್ಷಗಳ ಚರ್ಚೆ.

ಪೆಟ್ಟಿಗೆ ನುಡಿಯುವ ಬಗೆ

ಮೀಟಿದ ತಂತಿ ತಾನಾಗಿ ಹೆಚ್ಚು ಗಾಳಿಯನ್ನು ಅಲುಗಿಸಲಾರದು. ಅದರ ಕಂಪನ ಕುದುರೆಯ (ಬ್ರಿಡ್ಜ್) ಮೂಲಕ ಮೇಲ್ಹಲಗೆಗೆ ಇಳಿಯಬೇಕು. ಹಲಗೆ ಅದುರಿ ಗಾಳಿಯನ್ನು ತಳ್ಳಬೇಕು. ಉಕುಲೇಲೆಯಲ್ಲಿ ಈ ಕೆಲಸಕ್ಕೆ ಸಿಗುವ ಶಕ್ತಿ ಬಹಳ ಕಡಿಮೆ. ಉಕ್ಕಿನ ತಂತಿಯ ಗಿಟಾರಿನಲ್ಲಿ ಎಲ್ಲ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ಇದ್ದರೆ, ನೈಲಾನ್ ಅಥವಾ ಫ್ಲೋರೋಕಾರ್ಬನ್ ತಂತಿಯ ಉಕುಲೇಲೆಯಲ್ಲಿ ಅದು ಸುಮಾರು 15ರಿಂದ 20 ಕಿಲೋ. ಆದ್ದರಿಂದ ಹಲಗೆ ಹಗುರವಾಗಿರಬೇಕು, ಆದರೆ ಎಳೆತಕ್ಕೆ ಡೊಂಕಾಗದಷ್ಟು ಬಿಗಿಯಾಗಿಯೂ ಇರಬೇಕು. ಜೊತೆಗೆ ಮರ ತನ್ನೊಳಗೇ ಕಂಪನವನ್ನು ನುಂಗಿಕೊಳ್ಳುವ ಗುಣ ಇದೆಯಲ್ಲ, ಅದು ಎಷ್ಟಿದೆ ಎಂಬುದೂ ಮುಖ್ಯ. ಬೇಗ ನುಂಗಿದರೆ ನಾದ ಚುಟುಕಾಗುತ್ತದೆ; ನಿಧಾನವಾಗಿ ನುಂಗಿದರೆ ಗುಂಗು ಉಳಿಯುತ್ತದೆ.

ಬಿಗಿತ ಮತ್ತು ಸಾಂದ್ರತೆಯನ್ನು ಸೇರಿಸಿ, ಒಂದು ಮರ ಎಷ್ಟು ಚೆನ್ನಾಗಿ ಸದ್ದು ಹೊಮ್ಮಿಸಬಲ್ಲದು ಎಂದು ಅಳೆಯುವ ಲೆಕ್ಕವೊಂದಿದೆ. ಮರದೊಳಗೆ ಶಬ್ದ ಓಡುವ ವೇಗವನ್ನು ಅದರ ಸಾಂದ್ರತೆಯಿಂದ ಭಾಗಿಸಿದರೆ ಆ ಅಂಕಿ ಸಿಗುತ್ತದೆ. ಘನಮೀಟರಿಗೆ ಸುಮಾರು 400 ಕಿಲೋ ತೂಗುವ ಸ್ಪ್ರೂಸ್ ಮತ್ತು ಸೀಡರ್ ಮರಗಳಿಗೆ ಅದು 12ರ ಆಸುಪಾಸು. ಸುಮಾರು 600 ಕಿಲೋ ತೂಗುವ ಕೋವಾ, ಮಹಾಗನಿಗಳಿಗೆ 7ರ ಆಸುಪಾಸು. 800 ಕಿಲೋ ದಾಟುವ ಬೀಟೆಗೆ 4.5ರ ಹತ್ತಿರ. ಸ್ಪ್ರೂಸ್ ಮೇಲ್ಹಲಗೆಯ ವಾದ್ಯ ಹೆಚ್ಚು ಜೋರಾಗಿ ನುಡಿಯುವುದೂ ಬೀಟೆಯನ್ನು ಮೇಲ್ಹಲಗೆಗೆ ಯಾರೂ ಅಷ್ಟಾಗಿ ಬಳಸದಿರುವುದೂ ಈ ಮೂರು ಅಂಕಿಗಳಿಂದಲೇ ತಿಳಿಯುತ್ತದೆ. ಇದು ಮರದ ಪರವಾದ ವಾದ.

ಕೈಕೆಲಸದ ಪರವಾದ ವಾದ ಇಷ್ಟೇ ಗಟ್ಟಿ. ಹಲಗೆಯ ಬಿಗಿತ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ: ದಪ್ಪ ಶೇಕಡಾ ಹತ್ತು ಹೆಚ್ಚಿದರೆ ಬಿಗಿತ ಶೇಕಡಾ ಮೂವತ್ತಮೂರು ಹೆಚ್ಚುತ್ತದೆ. ಉಕುಲೇಲೆಯ ಮೇಲ್ಹಲಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮಿಲಿಮೀಟರ್. ಅಷ್ಟು ತೆಳುವಿನಲ್ಲಿ ಒಂದು ಮಿಲಿಮೀಟರಿನ ಐದನೇ ಒಂದು ಭಾಗ ಹೆಚ್ಚಾದರೂ ಕಡಿಮೆಯಾದರೂ ವಾದ್ಯದ ಸ್ವಭಾವವೇ ಬೇರೆಯಾಗುತ್ತದೆ. ಮೇಲಾಗಿ ಒಂದೇ ಜಾತಿಯ ಎರಡು ಮರಗಳ ಸಾಂದ್ರತೆಯಲ್ಲೂ ದೊಡ್ಡ ಅಂತರ ಇರುತ್ತದೆ. ಕೋವಾದಲ್ಲಂತೂ ಇದು ಎದ್ದು ಕಾಣುವ ಗುಣ. ಹಗುರವಾದ ಕೋವಾ ತುಂಡೊಂದು ಭಾರವಾದ ಕೋವಾ ತುಂಡಿಗಿಂತ ಮಹಾಗನಿಗೇ ಹತ್ತಿರ. ಅನುಭವಿ ತಯಾರಕರು ಹಲಗೆಯನ್ನು ಬೆರಳಿನಿಂದ ತಟ್ಟಿ, ಬಾಗಿಸಿ ನೋಡಿ, ಆ ತುಂಡಿಗೆ ತಕ್ಕ ದಪ್ಪ ಗೊತ್ತುಮಾಡುವುದು ಇದಕ್ಕಾಗಿಯೇ. ಕಾರ್ಖಾನೆಯಲ್ಲಿ ಎಲ್ಲ ಹಲಗೆಗಳನ್ನೂ ಒಂದೇ ಅಳತೆಗೆ ಹೆರೆದಾಗ ಒಳ್ಳೆಯ ಮರವೂ ಮಂಕಾಗಿ ನುಡಿಯಬಹುದು.

ಕೋವಾ ಮತ್ತು ಅದರ ದಾಯಾದಿಗಳು

ಕೋವಾ ಹವಾಯಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಅಕೇಶಿಯಾ ಜಾತಿ. ಕೆಂಪು ಕಂದಿನಿಂದ ಹೊನ್ನಿನವರೆಗೆ ಬಣ್ಣ. ಕೆಲವು ಮರಗಳಲ್ಲಿ ನಾರು ಅಲೆಅಲೆಯಾಗಿ ಬೆಳೆದು, ಬೆಳಕು ಬಿದ್ದಾಗ ರೇಷ್ಮೆಯಂತೆ ಮಿರುಗುತ್ತದೆ. ನಾದದಲ್ಲಿ ಮಧ್ಯದ ಸ್ವರಗಳಿಗೆ ತುಂಬು, ಮೇಲಿನ ಸ್ವರಗಳಿಗೆ ಸ್ಪಷ್ಟತೆ. ಮೀಟಿದ ಕೂಡಲೆ ಎದ್ದು, ಹದವಾದ ಹೊತ್ತಿನಲ್ಲಿ ಅಡಗುತ್ತದೆ. ಲಯಕ್ಕೆ ತಕ್ಕಂತೆ ನಾಲ್ಕೂ ತಂತಿಗಳನ್ನು ಒಟ್ಟಿಗೆ ಸವರಿ ನುಡಿಸುವ ಹವಾಯಿಯ ಶೈಲಿಗೆ ಇದು ಹೇಳಿ ಮಾಡಿಸಿದ ಗುಣ, ಏಕೆಂದರೆ ಹಿಂದಿನ ಸ್ವರಗುಚ್ಛ ಮುಂದಿನದರ ಮೇಲೆ ಕಲಸಿಕೊಳ್ಳುವುದಿಲ್ಲ.

ಆದರೆ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಕೋವಾದ ದುಬಾರಿ ದರ್ಜೆಗಳನ್ನು ನಿರ್ಧರಿಸುವುದು ಅಲೆ ನಾರಿನ ಅಂದ. ನಾರು ನೇರವಾಗಿ ಓಡದೆ ಅಲೆಯಾದಾಗ ಹಲಗೆಯ ಉದ್ದುದ್ದದ ಬಿಗಿತ ತುಸು ಕುಂದುತ್ತದೆ, ಹೆಚ್ಚುವುದಿಲ್ಲ. ನೇರ ನಾರಿನ ಸಾದಾ ಕೋವಾ ನಾದದಲ್ಲಿ ಯಾವ ವಿಧದಲ್ಲೂ ಕಡಿಮೆಯಲ್ಲ. ಮಿರುಗುವ ಹಲಗೆಗೆ ಕೊಡುವ ಹೆಚ್ಚಿನ ಹಣ ಕಣ್ಣಿಗೆ ಸಲ್ಲುವ ಹಣ. ಅದರಲ್ಲಿ ತಪ್ಪಿಲ್ಲ, ವಾದ್ಯದ ಚೆಲುವೂ ಅದನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡುತ್ತದೆ. ಕೊಳ್ಳುವವರಿಗೆ ಅದು ತಿಳಿದಿರಬೇಕು, ಅಷ್ಟೆ.

ಕೋವಾದ ಹತ್ತಿರದ ನಂಟ ಆಸ್ಟ್ರೇಲಿಯಾದ ಬ್ಲ್ಯಾಕ್‌ವುಡ್. ತೂಕ, ಬಿಗಿತ, ನಾದ ಮೂರರಲ್ಲೂ ಎರಡನ್ನೂ ಬೇರೆ ಮಾಡುವುದು ಕಷ್ಟ. ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ತಂದು ನೆಟ್ಟ ಈ ಮರ ಅಲ್ಲಿ ತಾನಾಗಿಯೇ ಹಬ್ಬಿದೆ. ನಮ್ಮ ಮಲೆನಾಡು, ಕರಾವಳಿಗಳ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾ ಕೂಡ ಇದೇ ಬಳಗದ್ದು. ಅದರ ಕುಡುಗೋಲಿನಾಕಾರದ ‘ಎಲೆ’ ನಿಜವಾಗಿ ಅಗಲವಾದ ಎಲೆತೊಟ್ಟು. ಬಲಿತ ಕೋವಾದಲ್ಲೂ ಹಾಗೆಯೇ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿರುವ ಅಕೇಶಿಯಾ ಹವಾಯಿಯ ಕೋವಾದಿಂದಲೇ ಬಂದದ್ದು ಎಂದು 2014ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ನಡುವೆ ಸುಮಾರು 18,000 ಕಿಲೋಮೀಟರ್ ದೂರ. ಏಷ್ಯಾದ ಕಾರ್ಖಾನೆಗಳಿಂದ ‘ಅಕೇಶಿಯಾ’ ಎಂಬ ಹೆಸರಿನಲ್ಲಿ ಬರುವ ಉಕುಲೇಲೆಗಳನ್ನು ಕೋವಾದ ನಕಲು ಎಂದು ಹೀಗಳೆಯುವುದು ಸರಿಯಲ್ಲ. ಚೆನ್ನಾಗಿ ಒಣಗಿಸಿ, ಚೆನ್ನಾಗಿ ಹೆರೆದಿದ್ದರೆ ಅವು ಅದೇ ಕುಲದ ನಾದವನ್ನೇ ಕೊಡುತ್ತವೆ.

ಮಹಾಗನಿಯ ಸಮತೋಲ

ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಹಾಗನಿ, ಅಂಕಿಗಳಲ್ಲಿ ಕೋವಾದ ಪಕ್ಕದಲ್ಲೇ ನಿಲ್ಲುತ್ತದೆ. ಕೇಳಿದವರು ಸಾಮಾನ್ಯವಾಗಿ ಹೇಳುವ ವ್ಯತ್ಯಾಸ ಇದು: ಮಹಾಗನಿಯಲ್ಲಿ ಕೆಳಗಿನಿಂದ ಮೇಲಿನವರೆಗೆ ಸ್ವರಗಳು ಸಮವಾಗಿ ಬರುತ್ತವೆ, ಯಾವುದೂ ಮುಂದೆ ನುಗ್ಗುವುದಿಲ್ಲ, ಕೋವಾದಲ್ಲಿ ಮೇಲ್ಭಾಗ ತುಸು ಚುರುಕು. ಮಹಾಗನಿಯ ದೊಡ್ಡ ಗುಣ ಮತ್ತೊಂದಿದೆ. ತೇವ ಏರಿಳಿದಾಗ ಅದು ಇತರ ಅನೇಕ ಮರಗಳಿಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತದೆ. ಹಲಗೆ ಸೊಟ್ಟಗಾಗುವುದು, ಬಿರುಕು ಬಿಡುವುದು ಕಡಿಮೆ. ಉಕುಲೇಲೆಯ ಮೈ ಯಾವ ಮರದ್ದಾದರೂ ಕುತ್ತಿಗೆ ಮಾತ್ರ ಹೆಚ್ಚಾಗಿ ಮಹಾಗನಿಯದೇ ಆಗಿರುವುದು ಈ ಸ್ಥಿರತೆಯಿಂದ. ಆಫ್ರಿಕಾದ ಖಾಯಾ ಮತ್ತು ಸಪೇಲೆ ಮರಗಳು ಈಗ ಮಹಾಗನಿಯ ಜಾಗದಲ್ಲಿ ಬಳಕೆಯಾಗುತ್ತಿವೆ. ಸಪೇಲೆ ತುಸು ಭಾರ, ತುಸು ಗಡಸು. ಅದಕ್ಕೆ ತಕ್ಕಂತೆ ತೆಳುವಾಗಿ ಹೆರೆದರೆ ಕಿವಿಗೆ ಕೊರತೆ ಕಾಣುವುದಿಲ್ಲ.

ಸ್ಪ್ರೂಸ್, ಸೀಡರ್: ಗಿಟಾರಿನ ಕಡೆಯಿಂದ ಬಂದವು

ಕಳೆದ ಕೆಲವು ದಶಕಗಳಲ್ಲಿ ಉಕುಲೇಲೆಯ ನುಡಿಸಾಣಿಕೆ ಬದಲಾಗಿದೆ. ಹಾಡಿಗೆ ಒತ್ತಾಸೆಯಾಗಿದ್ದ ವಾದ್ಯ ಒಂಟಿಯಾಗಿ ವೇದಿಕೆ ಏರಿದೆ. ಬೆರಳುಗಳಿಂದ ಒಂದೊಂದೇ ಸ್ವರ ಬಿಡಿಸಿ ನುಡಿಸುವವರು ಹೆಚ್ಚಾಗಿದ್ದಾರೆ. ಸುಮಾರು 33ರಿಂದ 35 ಸೆಂಟಿಮೀಟರ್ ತಂತಿಯುದ್ದದ ಸೊಪ್ರಾನೊ ಜೊತೆಗೆ 43 ಸೆಂಟಿಮೀಟರಿನ ಟೆನರ್ ಗಾತ್ರ ಜನಪ್ರಿಯವಾಗಿದೆ. ಇಲ್ಲಿ ಸ್ಪ್ರೂಸ್‌ಗೆ ಎಡೆ ಸಿಕ್ಕಿದೆ. ಮೆಲ್ಲಗೆ ಮೀಟಿದರೂ ಅದು ಎಚ್ಚರವಾಗುತ್ತದೆ, ಜೋರಾಗಿ ಬಾರಿಸಿದರೂ ಒಡೆದ ದನಿ ಬರುವುದಿಲ್ಲ. ಪಶ್ಚಿಮ ಅಮೆರಿಕದ ಕೆಂಪು ಸೀಡರ್ ಇನ್ನೂ ಹಗುರ, ನಾದ ಮೆದು. ಉಗುರು ತಾಗಿದರೂ ಗುರುತು ಬೀಳುವಷ್ಟು ಮೈಯೂ ಮೆದು. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಇವೆರಡರ ನಡುವೆ ಬರುತ್ತದೆ.

ಪುಟ್ಟ ಸೊಪ್ರಾನೊದಲ್ಲಿ ಮಾತ್ರ ಸ್ಪ್ರೂಸ್ ಅಷ್ಟು ನಿರಾಯಾಸವಾಗಿ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಶ್ರುತಿಯಲ್ಲಿ ಉಕುಲೇಲೆಯ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 262 ಕಂಪನ, ಗಿಟಾರಿನದು 82. ಮೊದಲೇ ಮೇಲುಸ್ಥಾಯಿಯಲ್ಲಿ ನುಡಿಯುವ ವಾದ್ಯಕ್ಕೆ ಚುರುಕು ಮರ ಹಾಕಿದರೆ ತಯಾರಕರ ಕೈ ಪಳಗಿರದಿದ್ದಲ್ಲಿ ನಾದ ಕಿವಿಗೆ ಚುಚ್ಚುತ್ತದೆ. ಸೊಪ್ರಾನೊಗೆ ಕೋವಾ, ಮಹಾಗನಿ, ಮಾವುಗಳೇ ಸಹಜ; ಟೆನರ್‌ಗೆ ಸ್ಪ್ರೂಸ್, ಸೀಡರ್‌ಗಳ ಬಾಗಿಲು ತೆರೆದಿರಲಿ.

ಮಾವು, ಮಳೆಮರ, ಬೀಟೆ

ಮಾವು ನಮ್ಮ ನೆಲದಿಂದ ಹೊರಟ ಮರ. ಹವಾಯಿಗೆ ಅದು 19ನೇ ಶತಮಾನದ ಮೊದಲ ಭಾಗದಲ್ಲಿ ಸೇರಿ, ಹಿತ್ತಲುಗಳಲ್ಲಿ ದೊಡ್ಡದಾಗಿ ಬೆಳೆಯಿತು. ಮುದಿಯಾಗಿಯೋ ಬಿರುಗಾಳಿಗೋ ಉರುಳಿದ ಮಾವಿನ ಮರಗಳನ್ನು ಅಲ್ಲಿನ ವಾದ್ಯ ತಯಾರಕರು ಹಲಗೆ ಕೊಯ್ಯಿಸಿ ಬಳಸುತ್ತಾರೆ. ಶಿಲೀಂಧ್ರ ಹಿಡಿದ ಮಾವಿನಲ್ಲಿ ಕಪ್ಪು, ಹಸಿರು, ನಸುಗೆಂಪು ಗೆರೆಗಳು ಓಡಿ ನಕ್ಷೆ ಬರೆದಂತೆ ಕಾಣುತ್ತದೆ. ಸಾಂದ್ರತೆ ಕೋವಾಕ್ಕಿಂತ ಒಂದಿಷ್ಟು ಹೆಚ್ಚು, ನಾದ ಕೋವಾ ಮತ್ತು ಮಹಾಗನಿಯ ನೆರೆಯದೇ. ಹಣ್ಣು ಕೊಟ್ಟು ಮುಗಿಸಿದ ಮರ ವಾದ್ಯವಾಗುವುದು ಕಾಡಿಗೆ ಯಾವ ಭಾರವನ್ನೂ ಹೊರಿಸದ ದಾರಿ. ನಮ್ಮ ರಸ್ತೆಗಳ ಇಕ್ಕೆಲಗಳಲ್ಲಿ ಕಾಣುವ ಮಳೆಮರವನ್ನೂ ಹವಾಯಿಯಲ್ಲಿ ಇದೇ ರೀತಿ ಬಳಸುವುದುಂಟು.

ಬೀಟೆ ಪಶ್ಚಿಮ ಘಟ್ಟದ ಹೆಮ್ಮೆ. ಬ್ರೆಜಿಲ್‌ನ ರೋಸ್‌ವುಡ್ ಸಿಗದಂತಾದಾಗ, 1969ರಲ್ಲಿ, ಮಾರ್ಟಿನ್ ಸಂಸ್ಥೆ ತನ್ನ ಗಿಟಾರುಗಳ ಬೆನ್ನು–ಪಕ್ಕಗಳಿಗೆ ಭಾರತದ ಬೀಟೆಗೆ ಬದಲಾಯಿತು. ಅಲ್ಲಿಂದ ಜಗತ್ತಿನ ವಾದ್ಯೋದ್ಯಮ ಇದನ್ನೇ ನೆಚ್ಚಿಕೊಂಡಿತು. ತಟ್ಟಿದರೆ ಬೀಟೆಯ ಹಲಗೆ ಬಹಳ ಹೊತ್ತು ಝೇಂಕರಿಸುತ್ತದೆ, ಏಕೆಂದರೆ ಅದು ಕಂಪನವನ್ನು ನುಂಗುವುದು ತೀರ ಕಡಿಮೆ. ಉಕುಲೇಲೆಯಲ್ಲಿ ಇದು ಫ್ರೆಟ್‌ಬೋರ್ಡ್‌ಗೂ ಕುದುರೆಗೂ ಒಳ್ಳೆಯ ಮರ, ಏಕೆಂದರೆ ಗಟ್ಟಿ, ಸವೆಯುವುದಿಲ್ಲ. ಆದರೆ ಬೆನ್ನಿಗೂ ಪಕ್ಕಕ್ಕೂ ಇಂಥ ಮರವೇ ಬೇಕೇ? ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದು.

ಕಣ್ಣು ಮರೆಸಿದಾಗ ಕಿವಿ ಹೇಳಿದ್ದು

ಬೆನ್ನಿನ ಮರ ನಾದವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ಒಂದು ಹಳೆಯ ಸಾಕ್ಷಿ ಉಂಟು. ಆಧುನಿಕ ಸ್ಪ್ಯಾನಿಶ್ ಗಿಟಾರಿಗೆ ರೂಪ ಕೊಟ್ಟ ಆಂಟೊನಿಯೊ ದೆ ಟೊರೆಸ್ 1862ರಲ್ಲಿ ಒಂದು ಗಿಟಾರಿನ ಬೆನ್ನು–ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದರು. ಮೇಲ್ಹಲಗೆ ಮಾತ್ರ ಎಂದಿನ ಸ್ಪ್ರೂಸ್. ನಾದದ ಜೀವ ಮೇಲ್ಹಲಗೆಯಲ್ಲಿದೆ ಎಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಆ ವಾದ್ಯ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಹೊಸ ಸಾಕ್ಷಿ 2018ರದು. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಾಮುಯೆಲೆ ಕಾರ್ಕಾನ್ಯೊ ಮತ್ತು ಸಂಗಡಿಗರು, ಗಿಟಾರ್ ತಯಾರಕ ರೋಜರ್ ಬಕ್‌ನಾಲ್ ಅವರಿಂದ ಆರು ಗಿಟಾರ್ ಕಟ್ಟಿಸಿದರು. ವಿನ್ಯಾಸ ಒಂದೇ, ಮೇಲ್ಹಲಗೆ ಎಲ್ಲಕ್ಕೂ ಸಿಟ್ಕಾ ಸ್ಪ್ರೂಸ್. ಬೆನ್ನು–ಪಕ್ಕ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್ನಟ್. 52 ಮಂದಿ ಗಿಟಾರ್ ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಧರಿಸಿ ಅವನ್ನು ನುಡಿಸಿ ಅಂಕ ಕೊಟ್ಟರು. ಎಲ್ಲ ಗಿಟಾರುಗಳಿಗೂ ಹೆಚ್ಚು ಕಡಿಮೆ ಒಂದೇ ಅಂಕ. ಅತಿ ದುಬಾರಿಯಾದ ಬ್ರೆಜಿಲ್ ರೋಸ್‌ವುಡ್‌ಗೂ ಅಗ್ಗದ ಸಪೇಲೆಗೂ ನಡುವೆ ಮೆಚ್ಚುಗೆಯಲ್ಲಿ ಹೇಳಿಕೊಳ್ಳುವಂಥ ಅಂತರ ಬರಲಿಲ್ಲ.

ಇದು ಗಿಟಾರಿನ ಪರೀಕ್ಷೆ; ಉಕುಲೇಲೆಯ ಪೆಟ್ಟಿಗೆ ಬಹಳ ಚಿಕ್ಕದು, ಅದನ್ನು ನುಡಿಸುವವರು ಎದೆಗೆ ಒತ್ತಿ ಹಿಡಿಯುತ್ತಾರೆ. ಎದೆಗೆ ಒತ್ತಿದ ಬೆನ್ನು ಅದುರುವುದೇ ಕಡಿಮೆ. ಹೀಗಿರುವಾಗ ಗಿಟಾರಿನಲ್ಲೇ ಗುರುತು ಹತ್ತದ ವ್ಯತ್ಯಾಸ ಉಕುಲೇಲೆಯಲ್ಲಿ ಗುರುತು ಹತ್ತುತ್ತದೆ ಎಂದು ನಂಬಲು ನನಗೆ ಆಧಾರ ಕಾಣುವುದಿಲ್ಲ. ಈ ಪರೀಕ್ಷೆಯಿಂದ ಮೇಲ್ಹಲಗೆಯ ಮರವೂ ಮುಖ್ಯವಲ್ಲ ಎಂಬ ತೀರ್ಮಾನಕ್ಕೆ ಮಾತ್ರ ಹಾರಬಾರದು. ಆ ಆರೂ ವಾದ್ಯಗಳಲ್ಲಿ ಬದಲಾಗದೆ ಉಳಿದದ್ದು ಮೇಲ್ಹಲಗೆಯೇ.

ಪದರ ಹಲಗೆ, ಪ್ಲಾಸ್ಟಿಕ್ ಮತ್ತು ಹವೆ

ತೆಳು ಪದರಗಳನ್ನು ಅಡ್ಡಡ್ಡ ಅಂಟಿಸಿದ ಹಲಗೆಯನ್ನು ಕೀಳಾಗಿ ಕಾಣುವುದು ರೂಢಿ. ಅಂಟು ಮತ್ತು ಅಡ್ಡ ನಾರಿನಿಂದ ಅದರ ಸ್ಪಂದನ ಕುಗ್ಗುತ್ತದೆ, ನಿಜ. ಆದರೆ ಮಂಗಳೂರಿನ ಮಳೆಗಾಲದ ತೇವಕ್ಕೂ ಕಲಬುರಗಿಯ ಬೇಸಿಗೆಯ ಒಣಹವೆಗೂ ಅದು ಹೆದರುವುದಿಲ್ಲ. ಇಡಿಮರದ ವಾದ್ಯಕ್ಕೆ ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ಆಸುಪಾಸಿನಲ್ಲಿರುವುದು ಒಳ್ಳೆಯದು. ಅಷ್ಟು ಕಾಳಜಿ ಮಾಡಲಾಗದ ಶಾಲಾ ಮಕ್ಕಳಿಗೆ, ಪ್ರಯಾಣಿಕರಿಗೆ ಪದರ ಹಲಗೆ ಸರಿಯಾದ ಆಯ್ಕೆ. ಮಾರಿಯೊ ಮಕಾಫೆರ್ರಿ 1949ರಲ್ಲಿ ತಂದ ‘ಐಲ್ಯಾಂಡರ್’ ಪ್ಲಾಸ್ಟಿಕ್ ಉಕುಲೇಲೆ ಅಮೆರಿಕದ ಅಸಂಖ್ಯ ಮಕ್ಕಳ ಕೈಗೆ ಮೊದಲ ವಾದ್ಯವಾಯಿತು. ಅಗಸೆ ನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ಮೈಯುಳ್ಳ ವಾದ್ಯಗಳೂ ಈಗ ಇವೆ. ವಿನ್ಯಾಸ ಸರಿಯಿದ್ದರೆ ಮರವೇ ಇಲ್ಲದೆಯೂ ಉಕುಲೇಲೆ ಉಕುಲೇಲೆಯಂತೆಯೇ ನುಡಿಯುತ್ತದೆ.

ಕಾಡಿನ ಲೆಕ್ಕ

1793ರಲ್ಲಿ ಕ್ಯಾಪ್ಟನ್ ವ್ಯಾಂಕೂವರ್ ಹವಾಯಿಯ ದೊರೆ ಕಮೇಹಮೇಹನಿಗೆ ದನಗಳನ್ನು ಕಾಣಿಕೆಯಾಗಿ ತಂದರು. ಅವು ಕಾಡು ಸೇರಿ ಹಿಂಡುಗಟ್ಟಿ, ಕೋವಾದ ಸಸಿಗಳನ್ನು ಮೇಯ್ದವು. ಮುಂದೆ ಹುಲ್ಲುಗಾವಲಿಗಾಗಿ ಕಾಡು ಬಯಲಾಯಿತು. ಮಣ್ಣಿನ ಶಿಲೀಂಧ್ರದಿಂದ ಬರುವ ಸೊರಗು ರೋಗವೂ ಎಳೆಯ ಕೋವಾಗಳನ್ನು ಕೊಲ್ಲುತ್ತದೆ. ಇಂದು ವಾದ್ಯಗಳಿಗೆ ಸಿಗುವ ಕೋವಾದಲ್ಲಿ ಬಹುಪಾಲು ಸತ್ತ, ಬಿದ್ದ, ಸಾಯುತ್ತಿರುವ ಮರಗಳದ್ದು. ಮೌನಾ ಕೆಯ ಇಳಿಜಾರಿನಲ್ಲಿ 1985ರಲ್ಲಿ ಸ್ಥಾಪನೆಯಾದ ಹಕಲೌ ರಕ್ಷಿತಾರಣ್ಯದಲ್ಲಿ ಲಕ್ಷಗಟ್ಟಲೆ ಕೋವಾ ಸಸಿಗಳನ್ನು ನೆಟ್ಟು, ಅದನ್ನೇ ನಂಬಿದ ಹಕ್ಕಿಗಳಿಗೆ ನೆಲೆ ಮರಳಿಸುವ ಕೆಲಸ ನಡೆದಿದೆ.

ಮಹಾಗನಿಯ ಕಥೆ ಕಾನೂನಿನ ಕಥೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಗೆ ಅಮೆರಿಕದ ದೊಡ್ಡೆಲೆ ಮಹಾಗನಿ 2003ರಲ್ಲಿ ಸೇರಿತು. ಆಫ್ರಿಕಾದ ಖಾಯಾವನ್ನು ಸೇರಿಸಲು 2022ರ ಸಭೆ ನಿರ್ಧರಿಸಿತು. ಬ್ರೆಜಿಲ್ ರೋಸ್‌ವುಡ್ 1992ರಿಂದಲೇ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಅದೇ ಕುಲದ ಉಳಿದ ಮರಗಳೆಲ್ಲ ಎರಡನೇ ಪಟ್ಟಿಗೆ ಬಂದವು; ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಮರಕ್ಕಲ್ಲ. ನಮ್ಮ ಬೀಟೆ ಕಾಡಿನಲ್ಲಿ ಬಲಿಯಲು ಹಲವು ತಲೆಮಾರುಗಳೇ ಬೇಕು.

ಕೊಳ್ಳುವವರಿಗೆ, ಕಟ್ಟುವವರಿಗೆ

ಇಷ್ಟನ್ನೂ ಒಟ್ಟಿಗೆ ಇಟ್ಟಾಗ ನನಗೆ ಕಾಣುವ ಕ್ರಮ ಹೀಗಿದೆ. ಮೊದಲ ಸ್ಥಾನ ಕೈಕೆಲಸಕ್ಕೆ: ವಾದ್ಯ ಹಗುರವಾಗಿದೆಯೇ, ಎಲ್ಲ ಮನೆಗಳಲ್ಲೂ ಶ್ರುತಿ ನಿಲ್ಲುತ್ತದೆಯೇ, ನಾಲ್ಕೂ ತಂತಿಗಳು ಸಮವಾಗಿ ನುಡಿಯುತ್ತವೆಯೇ ಎಂದು ನೋಡಿ. ಎರಡನೆಯದು ಮೇಲ್ಹಲಗೆ: ಸವರಿ ನುಡಿಸುವವರಿಗೆ ಕೋವಾ, ಅಕೇಶಿಯಾ, ಮಹಾಗನಿ, ಮಾವು, ಬಿಡಿಸಿ ನುಡಿಸುವವರಿಗೆ ಸ್ಪ್ರೂಸ್, ಸೀಡರ್. ಮೂರನೆಯದು ತಂತಿ: ಕೆಲವೇ ನೂರು ರೂಪಾಯಿಗೆ ತಂತಿಯ ಜಾತಿ ಬದಲಿಸಿ ನೋಡಿ, ನಾದ ಬದಲಾಗುವುದು ಕೂಡಲೇ ಕೇಳುತ್ತದೆ. ಬೆನ್ನು–ಪಕ್ಕದ ಮರ ಕೊನೆಯದು.

ಕೊನೆಯದಾದ್ದರಿಂದಲೇ ಅದು ನಮ್ಮ ವಿವೇಕಕ್ಕೆ ಬಿಟ್ಟ ಆಯ್ಕೆ. ಕಿವಿಗೆ ಗೊತ್ತಾಗದ ವ್ಯತ್ಯಾಸಕ್ಕಾಗಿ ಅಪರೂಪದ ಮರವನ್ನು ಕಡಿಯುವುದಕ್ಕೆ ಸಂಗೀತದ ಹೆಸರಿನಲ್ಲಿ ಯಾವ ಸಮರ್ಥನೆಯೂ ಇಲ್ಲ. ಬೆನ್ನಿಗೆ ಮಾವು, ಮಳೆಮರ, ನೆಡುತೋಪಿನ ಅಕೇಶಿಯಾ ಬರಲಿ. ಬೀಟೆ, ಮಹಾಗನಿಗಳನ್ನು ಅವುಗಳ ಗಟ್ಟಿತನ, ಸ್ಥಿರತೆ ನಿಜಕ್ಕೂ ಬೇಕಾದ ಪುಟ್ಟ ಭಾಗಗಳಿಗೆ ಉಳಿಸಿಕೊಳ್ಳೋಣ. ಮಡೈರಾದ ಬಡಗಿಗಳು ತಾವು ನಿಂತ ನೆಲದ ಮರವನ್ನು ಅರಿತು ಬಳಸಿದ್ದರು. ಇಂದು ಕಟ್ಟುವವರೂ ಕೊಳ್ಳುವವರೂ ಅವರಿಂದ ಕಲಿಯಬೇಕಾದದ್ದು ಆ ಅರಿವು. ಅದಿದ್ದರೆ ನಾದವೂ ಉಳಿಯುತ್ತದೆ, ಕಾಡೂ ಉಳಿಯುತ್ತದೆ.